ಎಂಬತ್ತು ಎಡ ತೋಳುಗಳು

ನರ್ಸುಗಳು, ವಾರ್ಡಿನ ಸಹಾಯಕರು, ಲ್ಯಾಬಿನವರು ತೊಡುವ ಕೋಟುಗಳನ್ನು ಹೊಲಿಯುವ ಆ ವರ್ಕ್‌ಶಾಪಿನಲ್ಲಿ ಬಟ್ಟೆ ಕತ್ತರಿಸುವ ಮೇಜು ಒಂದೇ ಒಂದು. ಹತ್ತೊಂಬತ್ತು ವರ್ಷದಿಂದ ಅದರ ಹಿಂದೆ ನಿಂತವಳೂ ಒಬ್ಬಳೇ. ಅವಳಿಗೆ ಹೆತ್ತವರು ಇಟ್ಟ ಹೆಸರೊಂದಿದೆ, ಆದರೆ ಅದು ಬೇಕಾಗುವುದು ಸಹಿ ಹಾಕುವಾಗ ಮಾತ್ರ. ಉಳಿದಂತೆ ಹೊಲಿಗೆಯವರಿಂದ ಹಿಡಿದು ಬಟ್ಟೆ ಇಳಿಸಲು ಬರುವ ಲಾರಿ ಡ್ರೈವರ್‌ವರೆಗೆ ಎಲ್ಲರಿಗೂ ಅವಳು ಕತ್ತರಿ ಅಕ್ಕ.

ಹೆಸರು ಕತ್ತರಿ ಅಕ್ಕ ಆದರೂ ಅವಳ ಕೈಯಲ್ಲಿರುತ್ತಿದ್ದುದು ಕತ್ತರಿಯಲ್ಲ, ಕರೆಂಟಿನ ಚಾಕು. ಒಂದರ ಮೇಲೊಂದು ನಲವತ್ತು ಪದರ ಬಟ್ಟೆ ಹಾಸಿ, ಮೇಲಿನ ಪದರದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು, ಆ ಗೆರೆಯ ಮೇಲೆ ಚಾಕು ಓಡಿಸಬೇಕು. ನಲವತ್ತೂ ಒಟ್ಟಿಗೆ ತುಂಡಾಗುತ್ತವೆ. ಸರಿ ಹೋದರೆ ನಲವತ್ತೂ ಸರಿ, ತಪ್ಪಿದರೆ ನಲವತ್ತೂ ತಪ್ಪು. ಹೊಲಿಗೆಯವರಿಗಾದರೆ ಬಿಚ್ಚಿ ಮತ್ತೆ ಹೊಲಿಯುವ ಅವಕಾಶವಿದೆ. ಕತ್ತರಿಸುವವಳಿಗೆ ಅದಿಲ್ಲ. ಹಾಗಾಗಿ ಚಾಕು ಯಾರ ಕೈಯಲ್ಲಿದೆಯೋ ಅವರಿಗೆ ಆ ವರ್ಕ್‌ಶಾಪಿನಲ್ಲಿ ಒಂದು ತೂಕವಿತ್ತು. ಕತ್ತರಿ ಅಕ್ಕ ಮೇಜಿಗೆ ಬಗ್ಗಿದಳೆಂದರೆ ಯಜಮಾನಿಯೂ ಅವಳನ್ನು ಮಾತಾಡಿಸುತ್ತಿರಲಿಲ್ಲ.

ಅವಳು ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದುದು ವರ್ಕ್‌ಶಾಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತುಮಾಡುವಂಥ ಸಂಗತಿ ಎಂದು ಅವಳಿಗೂ ಅನಿಸಿರಲಿಲ್ಲ. ಆರು ವರ್ಷದ ಹಿಂದೆ ಗರ್ಭಕೋಶದ ಆಪರೇಷನ್ ಆದಾಗ ಹತ್ತು ದಿನಕ್ಕೆಂದು ಬರೆದುಕೊಟ್ಟಿದ್ದ ಮಾತ್ರೆ ಅದು. ಹತ್ತು ದಿನ ಒಂದು ತಿಂಗಳಾಯಿತು, ತಿಂಗಳು ವರ್ಷವಾಯಿತು. ಔಷಧಿ ಅಂಗಡಿಯವನು ಹಳೆಯ ಚೀಟಿ ನೋಡಿಯೇ ಕೊಡುತ್ತಿದ್ದ, ಅವಳು ಹಲ್ಲುಜ್ಜಿದಷ್ಟೇ ಸಲೀಸಾಗಿ ನುಂಗುತ್ತಿದ್ದಳು. ನುಂಗಿ ಇಪ್ಪತ್ತು ನಿಮಿಷಕ್ಕೆ ದೀಪ ಆರಿದ ಹಾಗೆ ನಿದ್ದೆ.

ಅದನ್ನು ಬಿಡಬೇಕು ಅನಿಸಿದ್ದು ತಂಗಿಯ ಫೋನಿನಿಂದ.

ಒಂದು ಶನಿವಾರ ಸಂಜೆ ಕೆಲಸ ಮುಗಿಸಿ ಹೊರಬಂದಾಗ ತಂಗಿಯ ಗಂಡ ಫೋನ್ ಮಾಡಿದ. "ಅತ್ತಿಗೆ, ಅವಳ ಆಪರೇಷನ್ ಆಯ್ತು, ಚೆನ್ನಾಗಿದಾಳೆ. ಆದ್ರೆ ನೀವು ಬರ್ತೀನಿ ಅಂದು ಬರ್ಲಿಲ್ಲ ಅಂತ ತುಂಬಾ ಬೇಜಾರು ಮಾಡ್ಕೊಂಡಿದಾಳೆ."

"ಯಾವ ಆಪರೇಷನ್?" ಎಂದಳು ಇವಳು.

ಆ ಕಡೆ ತಂಗಿಯೇ ಫೋನ್ ತೆಗೆದುಕೊಂಡಳು. ಗಂಟಲಿನ ಗಂಟು ತೆಗೆಸಿಕೊಂಡಿದ್ದರಿಂದ ಧ್ವನಿ ಪಿಸುಮಾತಿನಷ್ಟೇ ಇತ್ತು. "ನಿನ್ನೆ ರಾತ್ರಿ ಹತ್ತೂವರೆಗೆ ಎಲ್ಲಾ ಹೇಳಿದ್ನಲ್ಲೇ. ಎಂಟು ಗಂಟೆಗೆ ಆಸ್ಪತ್ರೆ ಬಾಗಿಲಲ್ಲೇ ನಿಂತಿರ್ತೀನಿ ಅಂತ ನೀನೇ ಅಂದೆ. ನಾನು ಒಳಗೆ ಹೋಗೋವರೆಗೂ ಬಾಗಿಲು ನೋಡ್ತಿದ್ದೆ."

ಕತ್ತರಿ ಅಕ್ಕ ಫೋನಿನಲ್ಲಿ ಹಿಂದಿನ ದಿನದ ಕರೆಗಳನ್ನು ತೆಗೆದು ನೋಡಿದಳು. ಹತ್ತು ಮೂವತ್ತೆರಡು. ಹನ್ನೊಂದು ನಿಮಿಷ ಮಾತು. ಅದರಲ್ಲಿ ಒಂದೇ ಒಂದು ಮಾತೂ ಅವಳ ನೆನಪಿನಲ್ಲಿರಲಿಲ್ಲ. ನೆನಪಿದ್ದುದು ಅದಕ್ಕೆ ಸ್ವಲ್ಪ ಮುಂಚೆ ಮಾತ್ರೆ ನುಂಗಿದ್ದಷ್ಟೇ.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕಪಾಟಿನಿಂದ ಮಾತ್ರೆಯ ಹಾಳೆಗಳನ್ನೆಲ್ಲ ತೆಗೆದು, ಒಂದೊಂದಾಗಿ ಒತ್ತಿ ಕಕ್ಕಸಿಗೆ ಸುರಿದು ನೀರು ಬಿಟ್ಟಳು. ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಡಾಕ್ಟರನ್ನ ಒಂದು ಮಾತು ಕೇಳಬಾರ್ದಿತ್ತಾ?"

"ಶುರು ಮಾಡೋಕೆ ಒಂದು ನಿಮಿಷ ಸಾಕಾಯ್ತು. ಬಿಡೋಕೆ ಯಾಕೆ ಜಾಸ್ತಿ ಬೇಕು?"

ಕತ್ತರಿಸುವ ಕೆಲಸದವಳ ಲೆಕ್ಕ ಅದು. ಗೆರೆ ಎಳೆದ ಮೇಲೆ ತಡಮಾಡಬಾರದು, ಒಂದೇ ಏಟಿಗೆ ಓಡಿಸಬೇಕು.

ಮೊದಲ ಎರಡು ರಾತ್ರಿ ಕಣ್ಣಿಗೆ ರೆಪ್ಪೆ ಹತ್ತಲಿಲ್ಲ. ಅದನ್ನು ಅವಳು ನಿರೀಕ್ಷಿಸಿದ್ದಳು. ನಿರೀಕ್ಷಿಸದೆ ಇದ್ದದ್ದು ಸೋಮವಾರದಿಂದ ಹಗಲಲ್ಲಿ ಬಂದಿತು. ಸುಮ್ಮನೆ ಕೂತರೂ ಬೆನ್ನು ಒದ್ದೆಯಾಗುವಷ್ಟು ಬೆವರು. ಮೆಟ್ಟಿಲು ಹತ್ತಿದವಳಂತೆ ಎದೆ ಡವಡವ. ಬಾಯಲ್ಲಿ ನಾಣ್ಯ ಚೀಪಿದಂಥ ರುಚಿ. ಹತ್ತೊಂಬತ್ತು ವರ್ಷ ಕಿವಿಗೇ ಬೀಳದಿದ್ದ ಹೊಲಿಗೆ ಮೆಷಿನ್ನುಗಳ ಸದ್ದು ಈಗ ಒಂದೊಂದೂ ಬೇರೆಬೇರೆಯಾಗಿ ಕೇಳಿಸಿ, ಹನ್ನೆರಡು ಮೆಷಿನ್ನೂ ತಲೆಯೊಳಗೇ ಓಡುತ್ತಿದ್ದಂತಿತ್ತು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬಿಳಿ ಬಟ್ಟೆ ಕಣ್ಣಿಗೆ ಚುಚ್ಚುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಕೈ ನಡುಗುತ್ತಿತ್ತು.

ಅವಳು ಅದನ್ನು ಮುಚ್ಚಿಟ್ಟಳು. ಸೀಮೆಸುಣ್ಣ ಹಿಡಿದ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಒತ್ತಿ ಹಿಡಿದು ಗೆರೆ ಎಳೆದಳು. ಟೀ ಲೋಟವನ್ನು ಅರ್ಧಕ್ಕಷ್ಟೇ ತುಂಬಿಸಿಕೊಂಡಳು.

ಮೇಜಿನ ಮೇಲೆ ಬಟ್ಟೆ ಹಾಸುವುದು ಒಬ್ಬ ಹಿರಿಯರ ಕೆಲಸ. ದಿನವಿಡೀ ಹಾಸುತ್ತಲೇ ಇರುವುದರಿಂದ ಅವರನ್ನು ಎಲ್ಲರೂ ಹಾಸಿಗೆ ಮಾಮ ಎನ್ನುತ್ತಿದ್ದರು. ಅವರು ಇವಳ ಮುಖ ನೋಡಿ, "ಏನಮ್ಮಾ, ದಿನಾ ನಾನು ಇಷ್ಟು ಹಾಸ್ತೀನಿ, ನೀನು ಒಂದಿನಾನಾದ್ರೂ ಮಲಗಬಾರ್ದಾ? ಕಣ್ಣು ನೋಡು, ಹೆಂಗಾಗಿದೆ," ಎಂದರು.

"ನಿಮ್ಮ ಕೆಲ್ಸ ನೀವು ನೋಡಿ ಮಾಮ," ಎಂದಳು. ಅಷ್ಟು ಒರಟಾಗಿ ಅವಳು ಅವರೊಡನೆ ಎಂದೂ ಮಾತಾಡಿದ್ದಿಲ್ಲ. ಹಾಸಿಗೆ ಮಾಮ ಮುಂದಿನ ಪದರ ಎಳೆದರು.

ಐದನೆಯ ದಿನ ಗುರುವಾರ. ನಲವತ್ತು ಕೋಟುಗಳಿಗೆ ತೋಳು ಕತ್ತರಿಸಬೇಕಿತ್ತು. ಅದೇ ಕೋಟುಗಳ ಮೈಭಾಗವನ್ನು ಹಿಂದಿನ ವಾರ, ಮಾತ್ರೆ ಬಿಡುವ ಮೊದಲು, ಅವಳೇ ಕತ್ತರಿಸಿದ್ದಳು. ಒಂದು ಕೂದಲೆಳೆಯೂ ಆಚೀಚೆ ಆಗಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ತೋಳು ನೋಡುವುದಕ್ಕೆ ಎರಡೂ ಒಂದೇ ಥರ ಕಂಡರೂ ಹೆಗಲಿಗೆ ಕೂಡುವ ಕಡೆ ಮುಂದಿನ ಬಾಗು ಆಳ, ಹಿಂದಿನದು ಕಡಿಮೆ. ಎಡಕ್ಕೆ ಕತ್ತರಿಸಿದ್ದು ಬಲಕ್ಕೆ ಕೂರುವುದಿಲ್ಲ. ಸಾಮಾನ್ಯವಾಗಿ ಬಟ್ಟೆಯನ್ನು ಮುಖಕ್ಕೆ ಮುಖ ಹಾಸುತ್ತಾರೆ, ಒಂದು ಪದರ ಮೇಲ್ಮುಖ, ಮುಂದಿನದು ಕೆಳಮುಖ. ಹಾಗೆ ಹಾಸಿದಾಗ, ತೋಳಿನ ಆಕಾರಕ್ಕೆ ಕತ್ತರಿಸಿಟ್ಟ ಪ್ಯಾಟರ್ನ್ ರಟ್ಟನ್ನು ಹೇಗಿಟ್ಟು ಗೆರೆ ಎಳೆದರೂ ಎಡವೂ ಬಲವೂ ತಾವಾಗಿಯೇ ಸಮ ಸಮ ಬರುತ್ತವೆ. ಆದರೆ ಈ ಬಟ್ಟೆಗೆ ಒಂದೇ ಕಡೆ ಹೊಳಪಿತ್ತು, ಜೊತೆಗೆ ಜಾರುತ್ತಿತ್ತು. ಹಾಗಾಗಿ ಎಲ್ಲ ಪದರಗಳನ್ನೂ ಮೇಲ್ಮುಖವಾಗಿಯೇ ಹಾಸಬೇಕಿತ್ತು. ಆಗ ಗೆರೆ ಎಳೆಯುವವಳು ರಟ್ಟನ್ನು ಒಮ್ಮೆ ನೇರ ಇಟ್ಟು, ಇನ್ನೊಮ್ಮೆ ಮಗುಚಿ ಇಡಬೇಕು. ಇಲ್ಲದಿದ್ದರೆ ಎಲ್ಲವೂ ಒಂದೇ ಕಡೆಯ ತೋಳಾಗುತ್ತವೆ.

"ಮುಖ ಎಲ್ಲಾ ಮೇಲೆ," ಎಂದು ಹಾಸಿಗೆ ಮಾಮ ಹೇಳಿದರು. ಅವಳು ತಲೆಯಾಡಿಸಿದಳು. ಅವರ ಮಾತು ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ. ಅವಳ ಗಮನವೆಲ್ಲ ಗೆರೆ ನಡುಗದಂತೆ ನೋಡಿಕೊಳ್ಳುವುದರಲ್ಲೇ ಇತ್ತು. ಗೆರೆ ನಡುಗಲಿಲ್ಲ, ಚಾಕೂ ಸರಾಗವಾಗಿ ಓಡಿತು. ಐದು ದಿನಗಳಲ್ಲಿ ಮೊದಲ ಸಲ ಅವಳಿಗೆ ಜೀವ ಹಗುರಾಯಿತು.

ಮಧ್ಯಾಹ್ನ ಮೂರನೆಯ ಮೆಷಿನ್ನಿನಲ್ಲಿ ಕೂರುವವಳು ಎರಡು ತೋಳುಗಳನ್ನು ಎತ್ತಿ ಹಿಡಿದು ಕೂಗಿದಳು: "ಅಕ್ಕಾ, ಈ ಆಸ್ಪತ್ರೇಲಿ ಎಲ್ಲರಿಗೂ ಎರಡೂ ಎಡಗೈನಾ?"

ಇಬ್ಬರು ಮೂವರು ನಕ್ಕರು. ಅವಳು ಇನ್ನೊಂದು ಕಟ್ಟು ಬಿಚ್ಚಿದಳು, ಅದೂ ಎಡ. ಮತ್ತೊಂದು, ಅದೂ ಎಡವೇ. ನಗು ನಿಂತಿತು. ಒಂದೊಂದೇ ಮೆಷಿನ್ನೂ ನಿಂತಿತು. ಎಂಬತ್ತು ತೋಳು, ಎಂಬತ್ತೂ ಎಡ.

ಯಜಮಾನಿ ಬೈಯಲಿಲ್ಲ. ತೋಳುಗಳನ್ನಲ್ಲ, ಕತ್ತರಿ ಅಕ್ಕನ ಕೈಯನ್ನೇ ನೋಡುತ್ತಿದ್ದಳು. ಈಗ ಅದನ್ನು ಮುಚ್ಚಿಡಲು ಎಲ್ಲೂ ಜಾಗವಿರಲಿಲ್ಲ.

"ಎಷ್ಟು ದಿನದಿಂದ ಹಿಂಗಿದೆ?"

"ಸೋಮವಾರದಿಂದ ಮೇಡಂ."

"ಸೋಮವಾರ ಹೇಳಿದ್ರೆ ಸೋಮವಾರಾನೇ ಚಾಕು ಎತ್ತಿಡ್ತಿದ್ದೆ. ತೋಳು ಹೋದ್ರೆ ಹೋಗ್ಲಿ. ಬೆರಳು ಹೋಗಿದ್ರೆ?" ಎಂದಳು. ಚಾಕುವನ್ನು ತನ್ನ ಕಡೆ ಎಳೆದುಕೊಂಡಳು. "ನಾಲ್ಕು ತಿಂಗಳಿಗೆ ದೊಡ್ಡಾಸ್ಪತ್ರೆ ಆರ್ಡರ್ ಬರುತ್ತೆ. ಅಷ್ಟರಲ್ಲಿ ಕೈ ಸರಿಯಾದ್ರೆ ಮೇಜು ನಿಂದೇ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ಕಾಯಂ ಮಾಡ್ಕೊಳ್ಳದೆ ನನಗೆ ದಾರಿ ಇಲ್ಲ. ಅಲ್ಲಿವರೆಗೂ ಬೇರೆ ವರ್ಕ್‌ಶಾಪಿನವರ ಕೈಲಿ ಕತ್ತರಿಸ್ಕೋತೀನಿ, ನೀನು ಬಟನ್ ಬೆಂಚಲ್ಲಿ ಕೂತ್ಕೋ."

ಮರುದಿನ ಡಾಕ್ಟರ ಮುಂದೆ ಕೂತಾಗ ಅವಳು ಎಲ್ಲವನ್ನೂ ಹೇಳಿದಳು. ಆರು ವರ್ಷ, ಕಕ್ಕಸು, ಎಂಬತ್ತು ತೋಳು. ಡಾಕ್ಟರು ಹೆಂಗಸು, ವಯಸ್ಸಿನಲ್ಲಿ ಇವಳಿಗಿಂತ ಚಿಕ್ಕವಳು. ಎಲ್ಲ ಕೇಳಿ ಪೆನ್ನು ಕೆಳಗಿಟ್ಟಳು.

"ಆರು ವರ್ಷ ತಗೊಂಡಿದ್ದನ್ನ ಒಂದೇ ದಿನಕ್ಕೆ ಬಿಟ್ರಾ? ಫಿಟ್ಸ್ ಬರಬಹುದಿತ್ತು ನಿಮಗೆ. ಮೊದ್ಲು ಮತ್ತೆ ಪೂರ್ತಿ ಮಾತ್ರೆ ಶುರು ಮಾಡಿ. ಒಂದೆರಡು ವಾರ ಮೈ ಒಂದು ಹದಕ್ಕೆ ಬರಲಿ. ಆಮೇಲೆ ಸ್ವಲ್ಪಸ್ವಲ್ಪವಾಗಿ ಇಳಿಸೋಣ."

"ಹಾಗಾದ್ರೆ ಈ ವಾರ ಪಟ್ಟಿದ್ದೆಲ್ಲಾ ದಂಡಾನಾ?"

"ದಂಡ ಅಂದ್ಕೋಬೇಡಿ. ನಿಮ್ಮ ಮೈ ಆ ಮಾತ್ರೆಗೆ ಒಗ್ಗಿಹೋಗಿದೆ. ತಟ್ಟನೆ ಕಿತ್ತುಕೊಂಡ್ರೆ ಗಲಾಟೆ ಮಾಡುತ್ತೆ. ಈಗ ಮಾಡ್ತಿರೋದು ಅದೇ."

ಅವಳಿಗೆ ಒಪ್ಪಿಗೆಯಾಗಲಿಲ್ಲ, ಆದರೂ ಒಪ್ಪಿಕೊಂಡಳು. ಎಸೆದ ಮಾತ್ರೆಯನ್ನೇ ಮತ್ತೆ ಕೊಂಡು ತಂದು ನುಂಗುವಾಗ ಮುಖ ಹುಳ್ಳಗಾಗಿತ್ತು. ಆ ರಾತ್ರಿ ಏಳು ಗಂಟೆ ಹೊತ್ತು ನಿದ್ದೆ. ನಾಲ್ಕು ದಿನಕ್ಕೆ ಬೆವರು ನಿಂತಿತು. ವಾರ ಕಳೆಯುವಷ್ಟರಲ್ಲಿ ಕೈ ಮೇಜಿನಷ್ಟೇ ನೆಟ್ಟಗಿತ್ತು.

ನಿಜವಾದ ಕಷ್ಟ ಶುರುವಾದದ್ದೇ ಅಲ್ಲಿ. ಯಜಮಾನಿ ಬಟನ್ ಬೆಂಚಿನ ಬಳಿ ಬಂದವಳು ಅವಳ ಕೈ ನೋಡಿದಳು. "ಸರಿ ಹೋಗಿದೆಯಲ್ಲ. ನಾಳೆಯಿಂದ ಮೇಜಿಗೆ ಬರ್ತೀಯಾ?"

ಬರುತ್ತೇನೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಚಾಕು ಅವಳದೇ, ಮೇಜು ಅವಳದೇ. ಮಾತ್ರೆಯ ವಿಷಯ ಮತ್ತೆ ಯಾರೂ ಎತ್ತುತ್ತಿರಲಿಲ್ಲ. ಅವಳು ಕೈಯಲ್ಲಿದ್ದ ಬಟನ್‌ಗಳನ್ನು ಡಬ್ಬಿಗೆ ಸುರಿದಳು. ತಂಗಿ ಬಾಗಿಲು ನೋಡುತ್ತ ಮಲಗಿದ್ದದ್ದು ಕಣ್ಣಿಗೆ ಕಟ್ಟಿತು.

"ಇದು ನನ್ನ ಕೈ ಅಲ್ಲ ಮೇಡಂ, ಮಾತ್ರೆ ಕೈ. ಇಳಿಸೋಕೆ ಶುರು ಮಾಡಿದ್ರೆ ಮತ್ತೆ ನಡುಗುತ್ತೆ. ನೀವು ಹೇಳಿದ್ರಲ್ಲ ನಾಲ್ಕು ತಿಂಗಳು ಅಂತ, ಅದನ್ನೇ ಕೊಡಿ."

ಯಜಮಾನಿ ಅವಳನ್ನು ಒಂದು ಕ್ಷಣ ನೋಡಿ, "ನಿನ್ನಿಷ್ಟ. ಆದ್ರೆ ನಾಲ್ಕು ಅಂದ್ರೆ ನಾಲ್ಕೇ," ಎಂದು ಹೋದಳು.

ಡಾಕ್ಟರು ಹೇಳಿದ ಪ್ರಕಾರ ಮೊದಲು ಮುಕ್ಕಾಲು, ಆಮೇಲೆ ಅರ್ಧ, ಆಮೇಲೆ ಕಾಲು, ಕೊನೆಗೆ ಸೊನ್ನೆ. ಮಾತ್ರೆಯನ್ನು ನಾಲ್ಕು ಭಾಗ ಮಾಡುವ ಮೊದಲ ದಿನ ಗಂಡ ಹಣ್ಣಿನ ಚಾಕು ತಂದ.

"ಕೊಡಿ ಇಲ್ಲಿ. ನನಗೇ ಕತ್ತರಿಸೋದು ಹೇಳಿಕೊಡ್ತೀರಾ?" ಎಂದು ಅವಳು ಒತ್ತಿದಳು. ಅರ್ಧ ಚೂರು ಚಿಮ್ಮಿ ಫ್ರಿಜ್ಜಿನ ಅಡಿಗೆ ಹೋಯಿತು. ಗಂಡ ಟಾರ್ಚ್ ಹಿಡಿದು ನೆಲಕ್ಕೆ ಬಿದ್ದ. ಅತ್ತೆ ಕುರ್ಚಿಯಿಂದ ಏಳದೆ ಪೊರಕೆ ಚಾಚಿದರು.

"ನಲವತ್ತು ಪದರ ಕತ್ತರಿಸೋಳಿಗೆ ಒಂದು ಗುಳಿಗೆ ಬಗ್ಗಲಿಲ್ಲ ನೋಡು," ಎಂದರು ಅತ್ತೆ.

"ಪದರ ಓಡಿಹೋಗಲ್ಲ ಅತ್ತೆ."

ಮರುದಿನ ಔಷಧಿ ಅಂಗಡಿಯಿಂದ ಮಾತ್ರೆ ತುಂಡು ಮಾಡುವ ಪುಟ್ಟ ಡಬ್ಬಿ ತಂದರು. ಅದರೊಳಗಿನ ಬ್ಲೇಡು ನೋಡಿ ಅವಳಿಗೆ ನಗು ಬಂತು. ಈಗ ಅವಳಿಗೆಂದು ಉಳಿದ ಚಾಕು ಅದೊಂದೇ.

ಮುಕ್ಕಾಲಿಗೆ ಇಳಿದಾಗ ನಾಲ್ಕೈದು ದಿನ ನಿದ್ದೆ ತುಂಡು ತುಂಡಾಗಿ ಬಂತು, ಆಮೇಲೆ ಕೂಡಿಕೊಂಡಿತು. ಅರ್ಧಕ್ಕೆ ಇಳಿದಾಗ ಒಂದು ವಾರ ಬೇಕಾಯಿತು. ಬೆವರು, ಎದೆಬಡಿತ, ಸದ್ದಿನ ಕಾಟ ಎಲ್ಲ ಬಂದವು, ಆದರೆ ಮೊದಲಿನ ಜೋರು ಇರಲಿಲ್ಲ. ಕೆಲಸ ಬಿಟ್ಟ ಮೇಲೆ ಬಸ್ಸು ಹತ್ತದೆ ಮನೆಯವರೆಗೆ ನಡೆಯತೊಡಗಿದಳು. ಮಧ್ಯಾಹ್ನದ ಮೇಲೆ ಟೀ ಬಿಟ್ಟಳು. ಎಷ್ಟೇ ಹೊತ್ತಿಗೆ ಕಣ್ಣು ಮುಚ್ಚಿರಲಿ, ಆರಕ್ಕೆ ಏಳುತ್ತಿದ್ದಳು. ರಾತ್ರಿ ಗಳಿಗೆಗೊಮ್ಮೆ ಅಡುಗೆಮನೆಗೆ ಎದ್ದು ಹೋಗಿ ಗಡಿಯಾರ ನೋಡುತ್ತಾಳೆಂದು ಅತ್ತೆ ಅದನ್ನು ಗೋಡೆಯಿಂದ ತೆಗೆಸಿ ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು.

"ಎರಡಾಗಿದೆ ಅಂತ ಗೊತ್ತಾದ್ರೆ ಏನ್ಮಾಡ್ತೀಯ? ಮೂರಾಗೋದು ಕಾಯ್ತೀಯ, ಅಷ್ಟೇ ತಾನೆ?" ಎಂದರು. "ನಾನು ಇಪ್ಪತ್ತು ವರ್ಷದಿಂದ ಅರ್ಧ ರಾತ್ರಿ ಎದ್ದೇ ಇರ್ತೀನಿ. ಯಾರಾದ್ರೂ ಒಂದು ಮಾತು ಕೇಳಿದ್ದೀರಾ?"

"ನೀವು ಹಗಲೆಲ್ಲಾ ನಿದ್ದೆ ಮಾಡ್ತೀರಲ್ಲ ಅತ್ತೆ."

"ಅದು ನಿದ್ದೆ ಅಲ್ಲ, ಕಣ್ಣು ಮುಚ್ಕೊಂಡಿರೋದು."

ಅರ್ಧದಿಂದ ಕಾಲಿಗೆ ಇಳಿದ ವಾರ ಮಾತ್ರ ಅವಳು ಸೋತಳು. ಮೂರು ದಿನ ನಿದ್ದೆಯಿಲ್ಲ. ಚರ್ಮದಡಿಯಲ್ಲಿ ಇರುವೆ ಹರಿದಂತೆ. ಬಟನ್ ಬೆಂಚಿನಲ್ಲಿ ಕಾರಣವೇ ಇಲ್ಲದೆ ಕಣ್ಣೀರು. ಅವಳು ಸೋತದ್ದೆಂದರೆ, ನಾಲ್ಕನೆಯ ದಿನ ಯಾರಿಗೂ ಹೇಳದೆ ಮತ್ತೆ ಅರ್ಧ ಮಾತ್ರೆ ನುಂಗಿದಳು. ಬೆಳಿಗ್ಗೆ ಎದ್ದಾಗ ನಿದ್ದೆಯ ಸುಖಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು.

ಆ ದಿನ ಬೆಂಚಿನ ಎದುರಿನ ಗೋಡೆಯನ್ನು ಅವಳು ತುಂಬ ಹೊತ್ತು ನೋಡುತ್ತ ಕೂತಿದ್ದಳು. ಅಲ್ಲಿ ಮೊಳೆಗಳಿಗೆ ಪ್ಯಾಟರ್ನ್ ರಟ್ಟುಗಳನ್ನು ಅಳತೆವಾರು ನೇತುಹಾಕಿತ್ತು. ಅವೆಲ್ಲ ಅವಳೇ ಮಾಡಿದವು. ದೊಡ್ಡ ಅಳತೆಯಿಂದ ಚಿಕ್ಕದಕ್ಕೆ ಇಳಿಸುವಾಗ ಎಲ್ಲ ಕಡೆಯೂ ಒಂದೇ ಸಮನೆ ತಗ್ಗಿಸುವುದಿಲ್ಲ ಎಂಬುದು ಆ ಕೆಲಸದ ಮೊದಲ ಪಾಠ. ಎದೆ ಅಗಲದಲ್ಲಿ ಎರಡಿಂಚು ತಗ್ಗಿಸಿದರೆ ಕುತ್ತಿಗೆಯಲ್ಲಿ ಅರ್ಧ ಇಂಚು ಸಾಕು. ಅಗಲವಿದ್ದ ಕಡೆ ಎರಡಿಂಚು ಹೋದರೂ ಮೈಗೆ ಗೊತ್ತಾಗುವುದಿಲ್ಲ. ಕುತ್ತಿಗೆಯಲ್ಲಿ ಅಷ್ಟೇ ತೆಗೆದರೆ ಉಸಿರು ಕಟ್ಟುತ್ತದೆ. ರಟ್ಟು ಮಾಡುವುದನ್ನು ಕಲಿಯಲು ಬಂದ ಹೊಸಬರು ಇದನ್ನೇ ತಪ್ಪುತ್ತಿದ್ದರು. ಎಷ್ಟೋ ಜನಕ್ಕೆ ಅವಳೇ ಇದನ್ನು ಹೇಳಿಕೊಟ್ಟಿದ್ದಳು.

ಪೂರ್ತಿಯಿಂದ ಕಾಲು ಭಾಗ ತೆಗೆದದ್ದು ಎದೆ ಅಗಲದಿಂದ ತೆಗೆದ ಹಾಗೆ. ಅರ್ಧದಿಂದ ಅದೇ ಕಾಲು ಭಾಗ ತೆಗೆದರೆ ಇದ್ದದ್ದರಲ್ಲಿ ಅರ್ಧವೇ ಹೋಯಿತಲ್ಲ, ಅದು ಕುತ್ತಿಗೆಯಿಂದ ತೆಗೆದ ಹಾಗೆ.

ಸಂಜೆ ನೇರ ಡಾಕ್ಟರ ಹತ್ತಿರ ಹೋದಳು. ಅರ್ಧ ಮಾತ್ರೆಗೆ ವಾಪಸ್ ಹೋದದ್ದನ್ನು ಮೊದಲು ಹೇಳಿ, ಆಮೇಲೆ ಕುತ್ತಿಗೆಯ ಲೆಕ್ಕ ಹೇಳಿದಳು. ಡಾಕ್ಟರು ಆ ಲೆಕ್ಕವನ್ನು ಎರಡು ಸಲ ಹೇಳಿಸಿಕೊಂಡಳು.

"ಸರಿಯಾಗೇ ಹೇಳ್ತಿದೀರಿ. ಕೊನೆಕೊನೆಗೆ ಹೆಜ್ಜೆ ಚಿಕ್ಕದಾಗಬೇಕು. ಇದೇ ಮಾತ್ರೆ ಇದರ ಅರ್ಧದಷ್ಟು ಶಕ್ತಿಯದ್ದೂ ಬರುತ್ತೆ. ಅದನ್ನ ಬರೆದುಕೊಡ್ತೀನಿ, ಕಾಲು ಭಾಗದ ಬದಲು ಅದರರ್ಧ, ಅರೆಕಾಲು ಭಾಗ ಇಳಿಸಬಹುದು. ಆದ್ರೆ ಜಾಸ್ತಿ ದಿನ ಹಿಡಿಯುತ್ತೆ, ಪರವಾಗಿಲ್ವಾ?"

ಅವಳು ಪರವಾಗಿಲ್ಲ ಎನ್ನುವಂತಿರಲಿಲ್ಲ. ನಾಲ್ಕು ತಿಂಗಳಲ್ಲಿ ಎರಡು ಆಗಲೇ ಮುಗಿದಿತ್ತು. ಆದರೂ ಬರೆಸಿಕೊಂಡು ಬಂದಳು.

ಆ ಭಾನುವಾರ ರಟ್ಟಿನ ಮೇಲೆ ಮಾತ್ರೆಯ ಉಳಿದ ಅಳತೆಗಳನ್ನು ಒಂದರೊಳಗೊಂದು ಗೆರೆ ಎಳೆದು, ಮೇಲೆ ತೂತು ಮಾಡಿ, ಅಡುಗೆಮನೆಯಲ್ಲಿ ಗಡಿಯಾರದ ಖಾಲಿ ಮೊಳೆಗೆ ನೇತುಹಾಕಿದಳು. ಒಂದು ಅಳತೆ ಮೈಗೆ ಹೊಂದುವ ತನಕ ಮುಂದಿನದಕ್ಕೆ ಕೈ ಹಾಕುವಂತಿಲ್ಲ. ಗಂಡ ದಿನಾ ರಾತ್ರಿ ಅದನ್ನು ನೋಡಿ, "ಇವತ್ತು ಯಾವ ಸೈಜು?" ಎಂದು ಕೇಳುವುದು ರೂಢಿಯಾಯಿತು. ಅವನು ತಮಾಷೆಗೆ ಕೇಳುತ್ತಿದ್ದ, ಅವಳು ಗಂಭೀರವಾಗಿ ಉತ್ತರ ಕೊಡುತ್ತಿದ್ದಳು.

ಈ ನಡುವೆ ಆ ಎಂಬತ್ತು ತೋಳುಗಳಲ್ಲಿ ನಲವತ್ತು ಹೊಲಿಗೆಗೆ ಹೋಗಿದ್ದವು. ಮಿಕ್ಕ ನಲವತ್ತನ್ನು ಅವಳೇ ಕೇಳಿ ಬೆಂಚಿಗೆ ತರಿಸಿಕೊಂಡಿದ್ದಳು. ಬಟನ್ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಸಾದಾ ಕತ್ತರಿಯಿಂದ ಅವುಗಳಲ್ಲಿ ಜೇಬು ಕತ್ತರಿಸುತ್ತಿದ್ದಳು. ಒಂದು ತೋಳಿಗೆ ಮೂರು ಜೇಬು. ಜೇಬಿಗೆ ಎಡಬಲವಿಲ್ಲ. ಕೈ ನಡುಗಿದ ದಿನ ಒಂದೇ ತೋಳು, ನೆಟ್ಟಗಿದ್ದ ದಿನ ಮೂರು ನಾಲ್ಕು. ಅಂದಂದಿನ ಕೈ ಹೇಗಿದೆ ಎಂಬುದು ಅದರಿಂದಲೇ ಅವಳಿಗೆ ತಿಳಿಯುತ್ತಿತ್ತು.

ಒಂದು ರಾತ್ರಿ ತಂಗಿ ಫೋನ್ ಮಾಡಿದಳು. ಬೆಳಿಗ್ಗೆ ಏಳಕ್ಕೇ ಮತ್ತೆ ಫೋನ್. "ನಿನ್ನೆ ನಾನೇನು ಹೇಳ್ದೆ, ಹೇಳು ನೋಡೋಣ."

"ನಿನ್ನ ಮಗಳ ಲೆಕ್ಕದ ಮೇಷ್ಟ್ರು ಬದಲಾದ್ರು. ಪಕ್ಕದ ಮನೆಯವರು ಗೋಡೆಗೆ ಹಸಿರು ಬಣ್ಣ ಹೊಡೆಸಿದ್ದು ನಿನಗೆ ಇಷ್ಟ ಇಲ್ಲ. ಮತ್ತೆ 'ನಾನು ಹಳೇ ಸೇಡು ಇಟ್ಕೊಳ್ಳೋಳಲ್ಲ' ಅಂತ ನೀನು ಎರಡು ಸಲ ಹೇಳ್ದೆ."

"ಮೂರು ಸಲ," ಎಂದಳು ತಂಗಿ. ಧ್ವನಿ ಈಗ ಪೂರ್ತಿ ಮರಳಿತ್ತು.

ದೊಡ್ಡಾಸ್ಪತ್ರೆಯ ಆರ್ಡರ್ ಹೇಳಿದ ದಿನಕ್ಕೇ ಬಂತು. ಅಡುಗೆಮನೆಯ ರಟ್ಟಿನಲ್ಲಿ ಆಗ ಉಳಿದಿದ್ದುದು ಒಳಗಿನ ಒಂದೇ ಗೆರೆ, ಅರೆಕಾಲು. ಅದಕ್ಕೆ ಇಳಿದು ಇನ್ನೂ ನಾಲ್ಕು ದಿನವಾಗಿತ್ತು. ಹಾಸಿಗೆ ಮಾಮ ಅರವತ್ತು ಪದರ ಹಾಸಿದರು, ಎಲ್ಲ ಮೇಲ್ಮುಖ. ಯಜಮಾನಿ ಚಾಕುವನ್ನು ಮೇಜಿನ ತುದಿಗೆ ಇಟ್ಟು, ಏನೂ ಹೇಳದೆ ಪಕ್ಕಕ್ಕೆ ನಿಂತಳು. ಬೇರೆ ವರ್ಕ್‌ಶಾಪಿನಿಂದ ಕರೆಸಿದ್ದ ಕಟಿಂಗ್ ಮಾಸ್ಟರ್ ಒಬ್ಬ ಆಫೀಸಿನಲ್ಲಿ ಕಾಯುತ್ತಿದ್ದ. ಅದು ಎಲ್ಲರಿಗೂ ಗೊತ್ತಿತ್ತು.

ಕತ್ತರಿ ಅಕ್ಕ ಮೊದಲು ಪದರಗಳ ಮೂಲೆ ಎತ್ತಿ ಒಂದೊಂದಾಗಿ ಮುಟ್ಟಿ ನೋಡಿದಳು.

"ಮಾಮ, ಮುಖ ಎತ್ತ?"

"ಎಲ್ಲಾ ಮೇಲೆ."

"ಎಲ್ಲಾ ಮೇಲೆ," ಎಂದು ಅವಳೂ ಬಾಯಿಬಿಟ್ಟು ಹೇಳಿದಳು. ರಟ್ಟನ್ನು ನೇರ ಇಟ್ಟು ಗೆರೆ ಎಳೆದಳು. ಮಗುಚಿ ಇಟ್ಟು ಇನ್ನೊಂದು ಎಳೆದಳು. ಗೆರೆಗಳು ಸರಿಯಾಗಿದ್ದವು. ಎಳೆದು ಮುಗಿಸಿದವಳು ಸೀಮೆಸುಣ್ಣ ಕೆಳಗಿಟ್ಟು ತನ್ನ ಬಲಗೈಯನ್ನು ಬಟ್ಟೆಯ ಮೇಲೆ ಚಾಚಿ ನೋಡಿಕೊಂಡಳು. ಬೆರಳ ತುದಿಯಲ್ಲಿ ತುಸು ನಡುಕವಿತ್ತು. ದೂರದಿಂದ ಯಾರಿಗೂ ಕಾಣುವಷ್ಟಲ್ಲ. ಮಣಿಕಟ್ಟನ್ನು ಒತ್ತಿ ಹಿಡಿದರೆ ನಡೆಸಿಬಿಡಬಹುದಿತ್ತು.

"ಮೇಡಂ, ನಿನ್ನೆ ನನಗೆ ಮೂರು ಗಂಟೆ ನಿದ್ದೆ ಬಂದಿದೆ ಅಷ್ಟೆ. ಗೆರೆ ಎಳೆಯೋಕೆ ಸಾಕು, ಚಾಕು ಹಿಡಿಯೋಕೆ ಸಾಲದು. ಇವತ್ತು ಹಿಡಿಯಲ್ಲ."

ಮೆಷಿನ್ನುಗಳು ಓಡುತ್ತಲೇ ಇದ್ದವು. ಯಜಮಾನಿ ಆಫೀಸಿನ ಬಾಗಿಲ ಕಡೆ ಒಮ್ಮೆ ನೋಡಿದಳು, ಆಮೇಲೆ ಬಟ್ಟೆಯ ಮೇಲಿನ ಗೆರೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿಕೊಂಡು ಬಂದಳು.

"ಹೋದ ಸಲ ಇದನ್ನೇ ಅಲ್ವಾ ನೀನು ಹೇಳದೆ ಇದ್ದದ್ದು?"

"ಹೌದು ಮೇಡಂ."

"ನಾಳೆ?"

"ನಾಳೆ ಆಗ್ದೆ ಇದ್ರೆ ನಾಳೇನೂ ಹೇಳ್ತೀನಿ."

ಯಜಮಾನಿ ಚಾಕುವಿನ ವೈರನ್ನು ಕಿತ್ತು ಸುತ್ತಿ ಕಪಾಟಿನಲ್ಲಿಟ್ಟಳು. "ಮಾಮ, ಇದರ ಮೇಲೆ ಒಂದು ಬೆಡ್‌ಶೀಟ್ ಮುಚ್ಚಿ. ಧೂಳು ಕೂರದ ಹಾಗೆ," ಎಂದು ಹೇಳಿ ಆಫೀಸಿಗೆ ಹೋದಳು. ಸ್ವಲ್ಪ ಹೊತ್ತಿಗೆ ಆ ಕಟಿಂಗ್ ಮಾಸ್ಟರ್ ಟೀ ಕುಡಿದ ಲೋಟವನ್ನು ಕಿಟಕಿಯಲ್ಲಿಟ್ಟು ಹೊರಟುಹೋದ.

"ನಾನು ಹಾಸಿ, ಹೊದಿಸಿ ಎಲ್ಲಾ ಮಾಡಾಯ್ತು," ಎಂದರು ಹಾಸಿಗೆ ಮಾಮ, ಬೆಡ್‌ಶೀಟಿನ ತುದಿ ಎಳೆಯುತ್ತ. "ಇನ್ನು ನೀನು ಮಲಗೋದೊಂದೇ ಬಾಕಿ."

ಆ ರಾತ್ರಿ ಅವಳಿಗೆ ಐದು ಗಂಟೆ ನಿದ್ದೆ ಬಂತು, ನಡುವೆ ಒಂದು ಸಲ ಎಚ್ಚರ. ಬೆಳಿಗ್ಗೆ ಕೈ ಚಾಚಿ ನೋಡಿಕೊಂಡಳು, ಗಂಡನಿಗೂ ತೋರಿಸಿದಳು. ಹತ್ತು ಗಂಟೆಗೆ ಚಾಕು ಹಿಡಿದು ಊಟದ ಹೊತ್ತಿಗೆ ಮುಗಿಸಿದಳು. ಮೂರನೆಯ ಮೆಷಿನ್ನಿನವಳು ತಾನಾಗಿಯೇ ಬಂದು ಕಟ್ಟುಗಳನ್ನು ಬಿಚ್ಚಿ ಎಣಿಸಿದಳು.

"ಅರವತ್ತು ಎಡ, ಅರವತ್ತು ಬಲ. ಈ ಆಸ್ಪತ್ರೆಯವರು ಪರವಾಗಿಲ್ಲ ಅಕ್ಕಾ, ಎಲ್ಲರಿಗೂ ಎರಡೂ ಕೈ ಇದೆ."

ಕತ್ತರಿ ಅಕ್ಕ ಅವಳ ತಲೆಗೊಂದು ಮೊಟಕಿ ಮುಂದಿನ ರಟ್ಟು ತೆಗೆಯಲು ಗೋಡೆಯ ಕಡೆ ನಡೆದಳು. ಮನೆಯ ಮೊಳೆಯಲ್ಲಿದ್ದ ರಟ್ಟಿನಲ್ಲಿ ಕೊನೆಯ ಗೆರೆ ಇನ್ನೂ ಎರಡು ವಾರ ಉಳಿದಿತ್ತು. ಅದಕ್ಕೆ ಅವಳು ಅವಸರ ಮಾಡಲಿಲ್ಲ. ಅದು ಮುಗಿದ ಮೇಲೆ ಅತ್ತೆ ಟ್ರಂಕಿನಿಂದ ಗಡಿಯಾರ ತೆಗೆದುಕೊಟ್ಟರು. ಅಷ್ಟರಲ್ಲಿ ಅದು ನಿಂತುಹೋಗಿತ್ತು. ಸೆಲ್ ಹಾಕಿಸಬೇಕೆಂದು ಗಂಡ ಹೇಳುತ್ತಲೇ ಇದ್ದಾನೆ, ಅವಳು ನಾಳೆ ನೋಡೋಣ ಎನ್ನುತ್ತಲೇ ಇದ್ದಾಳೆ.